ಒಂದೇ ವಾಕ್ಯ ಸಿಕ್ಕ ಊರು

1817ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಪ್ರವಾಸ ಕಥನ ಪ್ರಕಟವಾಯಿತು. ‘ಹಿಸ್ಟರಿ ಆಫ್ ಎ ಸಿಕ್ಸ್ ವೀಕ್ಸ್ ಟೂರ್’ ಎಂದು ಶುರುವಾಗುವ ಉದ್ದನೆಯ ಶೀರ್ಷಿಕೆ, ಬರೆದವರ ಹೆಸರಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ, 1818ರ ಜನವರಿ 1ರಂದು, ಅದೇ ಕೈಯಿಂದ ಇನ್ನೊಂದು ಅನಾಮಿಕ ಪುಸ್ತಕ ಬಂತು: ‘ಫ್ರಾಂಕನ್‌ಸ್ಟೈನ್’. ಎರಡನೆಯದರ ಹೆಸರು ಅದನ್ನು ಓದದವರಿಗೂ ಗೊತ್ತು. ಮೊದಲನೆಯದು ಸಾಮಾನ್ಯವಾಗಿ ಅದರ ಅಡಿಟಿಪ್ಪಣಿಯಾಗಿ ಉಳಿದಿದೆ. ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕೆನಿಸಿತು. ಹಾಗೆ ಓದಿದಾಗ ಹುಟ್ಟಿದ ಒಂದು ಪ್ರಶ್ನೆ ಇಲ್ಲಿದೆ: ಪ್ರಯಾಣಿಕರು ದಾರಿಯಲ್ಲಿ ಕಂಡವರನ್ನು ಒಂದು ವಿಶೇಷಣದಲ್ಲಿ ಮುಗಿಸಿಬಿಡುತ್ತಾರಲ್ಲ, ಆ ವಿಶೇಷಣವನ್ನು ಬದಲಾಯಿಸುವ ಶಕ್ತಿ ಆ ಜನರಿಗೆ ಎಲ್ಲಿ ಸಿಗುತ್ತದೆ?

ಮೊದಲು ಪ್ರಯಾಣದ ವಿವರ. 1814ರ ಜುಲೈ 28ರ ನಸುಕಿನಲ್ಲಿ ಮೂವರು ಲಂಡನ್ ಬಿಟ್ಟರು. ಮೇರಿ ಗಾಡ್ವಿನ್‌ಗೆ ಆಗ ಹದಿನಾರು ವರ್ಷ. ಅವಳ ಮಲತಂಗಿ ಕ್ಲೇರ್ ಕ್ಲೇರ್ಮಾಂಟ್‌ಗೂ ಹದಿನಾರು. ಕವಿ ಪರ್ಸಿ ಶೆಲ್ಲಿಗೆ ಇಪ್ಪತ್ತೊಂದು. ನೆಪೋಲಿಯನ್ ಅದೇ ಏಪ್ರಿಲ್‌ನಲ್ಲಿ ಸಿಂಹಾಸನ ಬಿಟ್ಟು ಎಲ್ಬಾ ದ್ವೀಪ ಸೇರಿದ್ದ. ಎರಡು ದಶಕಗಳ ಯುದ್ಧದಿಂದಾಗಿ ಮುಚ್ಚಿಹೋಗಿದ್ದ ಫ್ರಾನ್ಸ್ ಇಂಗ್ಲಿಷರಿಗೆ ಮತ್ತೆ ತೆರೆದಿತ್ತು. ಪ್ಯಾರಿಸ್ ತಲುಪುವ ಹೊತ್ತಿಗೆ ಇವರ ಕೈ ಬರಿದಾಗಿತ್ತು. ಪರ್ಸಿ ಗಡಿಯಾರ ಮಾರಿದ. ಅಷ್ಟಿಷ್ಟು ಹಣ ಹೊಂದಿಸಿಕೊಂಡು, ಸ್ವಿಟ್ಜರ್‌ಲೆಂಡಿನ ತನಕ ನಡೆದೇ ಹೋಗುವುದೆಂದು ತೀರ್ಮಾನಿಸಿ, ಸಾಮಾನು ಹೊರಲು ಒಂದು ಕತ್ತೆ ಕೊಂಡರು. ಆ ಬಡಕಲು ಕತ್ತೆ ಕೈಕೊಟ್ಟಾಗ ಹೇಸರಗತ್ತೆ ಬಂತು. ಪರ್ಸಿಯ ಕಾಲು ಉಳುಕಿದ ಮೇಲೆ, ತ್ರುವಾ ಪಟ್ಟಣದಲ್ಲಿ, ಹೇಸರಗತ್ತೆಯ ಜಾಗಕ್ಕೆ ತೆರೆದ ಗಾಡಿ ಬಂತು. ಲೂಸರ್ನ್ ಸರೋವರದ ದಡದ ಬ್ರುನೆನ್‌ನಲ್ಲಿ ಆರು ತಿಂಗಳಿಗೆಂದು ಮನೆ ಹಿಡಿದರು. ಒಂದೆರಡು ದಿನಗಳಲ್ಲೇ ಬಿಟ್ಟು ಹೊರಟರು. ಉಳಿದಿದ್ದು 28 ಪೌಂಡ್. ನದಿಯ ದಾರಿ ಅಗ್ಗವೆಂದು ರೈನ್ ಹಿಡಿದು ಬಾಸೆಲ್, ಸ್ಟ್ರಾಸ್‌ಬರ್ಗ್, ಮೈಂಟ್ಸ್, ಕೊಲೋನ್, ರಾಟರ್‌ಡ್ಯಾಮ್ ದಾಟಿ ಸೆಪ್ಟೆಂಬರ್ 13ಕ್ಕೆ ಇಂಗ್ಲೆಂಡಿಗೆ ಮರಳಿದರು. ಆಗಸ್ಟ್ 30ರಂದು, ಈ ದಾರಿಯಲ್ಲೇ, ಮೇರಿಗೆ ಹದಿನೇಳು ತುಂಬಿತ್ತು.

ಈ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಓದುತ್ತಾರೆ. ಮೊದಲನೆಯದು ಮುಚ್ಚಿಟ್ಟದ್ದನ್ನು ಹುಡುಕುವ ಓದು. ಅದಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಇದು ಪ್ರವಾಸವಲ್ಲ, ಮನೆಯವರ ಕಣ್ಣು ತಪ್ಪಿಸಿದ ಓಟ. ಪರ್ಸಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಹ್ಯಾರಿಯೆಟ್ ಗರ್ಭಿಣಿ. ತ್ರುವಾದಿಂದ ಅವನು ಅವಳಿಗೆ ಪತ್ರ ಬರೆದು, ನೀನೂ ಸ್ವಿಟ್ಜರ್‌ಲೆಂಡಿಗೆ ಬಂದು ನಮ್ಮ ಜೊತೆ ಇರು ಎಂದು ಕರೆದ. ಇದಾವುದೂ ಪುಸ್ತಕದಲ್ಲಿಲ್ಲ. ಮುನ್ನುಡಿಯ ಪ್ರಕಾರ ಲೇಖಕಿಯ ಜೊತೆ ಹೋದವರು ಅವಳ ಗಂಡ ಮತ್ತು ತಂಗಿ. 1814ರಲ್ಲಿ ಅವನು ಗಂಡನಲ್ಲ. ಹ್ಯಾರಿಯೆಟ್ ಲಂಡನ್ನಿನ ಸರ್ಪೆಂಟೈನ್ ಕೊಳದಲ್ಲಿ ಮುಳುಗಿ ಸತ್ತದ್ದು 1816ರ ಡಿಸೆಂಬರಿನಲ್ಲಿ ಬೆಳಕಿಗೆ ಬಂತು. ಅದೇ ತಿಂಗಳ 30ರಂದು ಮೇರಿ ಮತ್ತು ಪರ್ಸಿಯ ಮದುವೆ. 1817ರ ಪುಸ್ತಕ ಆ ಮದುವೆಯನ್ನು ಎರಡು ವರ್ಷಕ್ಕೂ ಹೆಚ್ಚು ಹಿಂದಕ್ಕೆ ಒಯ್ದು ಕೂರಿಸಿತು.

ಎರಡನೆಯದು ‘ಫ್ರಾಂಕನ್‌ಸ್ಟೈನ್’ನ ಬೀಜ ಹುಡುಕುವ ಓದು. ಡಾರ್ಮ್‌ಸ್ಟಾಟ್ ಬಳಿಯ ಬೆಟ್ಟದ ಮೇಲೆ ಅದೇ ಹೆಸರಿನ ಹಳೆಯ ಕೋಟೆಯಿದೆ. ರೈನ್ ಪ್ರಯಾಣದಲ್ಲಿ ಮೇರಿ ಅದನ್ನು ಕಂಡಿರಬೇಕು, ಇಲ್ಲವೇ ಅದರ ಕಥೆ ಕೇಳಿರಬೇಕು ಎಂಬ ಊಹೆ ಜನಪ್ರಿಯ. ಪುಸ್ತಕದಲ್ಲಾಗಲಿ ಅವಳ ದಿನಚರಿಯಲ್ಲಾಗಲಿ ಆ ಕೋಟೆಯ ಸುದ್ದಿಯೇ ಇಲ್ಲ. ಮೊದಲ ಓದು ಲೇಖಕಿಯ ಬದುಕಿನತ್ತ, ಎರಡನೆಯದು ಮುಂದಿನ ಕೃತಿಯತ್ತ ನೋಡುತ್ತದೆ. ಆರು ವಾರಗಳ ದಾರಿಯುದ್ದಕ್ಕೂ ಎದುರಾದ ಜನರತ್ತ ಎರಡೂ ನೋಡುವುದಿಲ್ಲ.

ನೋಡೋಣ. ಪ್ಯಾರಿಸ್ ಬಿಟ್ಟು ಶಾಂಪೇನ್ ಪ್ರಾಂತದೊಳಗೆ ನಡೆಯುತ್ತಿದ್ದ ಹಾಗೆ ಇವರಿಗೆ ಸುಟ್ಟ ಹಳ್ಳಿಗಳು ಸಿಗತೊಡಗುತ್ತವೆ. ಅದೇ ವರ್ಷದ ಆರಂಭದಲ್ಲಿ ಅಲ್ಲಿ ನೆಪೋಲಿಯನ್‌ಗೂ ಮಿತ್ರಸೈನ್ಯಗಳಿಗೂ ಯುದ್ಧವಾಗಿತ್ತು. ರಷ್ಯದ ಕೊಸಾಕ್ ಕುದುರೆ ದಳಗಳು ಊರುಗಳನ್ನು ಹಾಳುಗೆಡವಿದ್ದವು. ನೊಜಾಂ ಪಟ್ಟಣದ ಅವಶೇಷಗಳನ್ನು ಮೇರಿ ದಾಖಲಿಸುತ್ತಾಳೆ. ಯುದ್ಧ ಎಂದರೇನೆಂದು ಇಂಗ್ಲೆಂಡಿನಲ್ಲಿ ಕೂತವರಿಗೆ ಗೊತ್ತಾಗದು ಎಂಬ ಅವಳ ಕಳವಳ ಪ್ರಾಮಾಣಿಕವಾದದ್ದು. ಆಮೇಲೆ ಬರುತ್ತದೆ ಎಶ್ಮೀನ್ ಎಂಬ ಹಳ್ಳಿ. ತಾನು ಕಂಡ ಊರುಗಳಲ್ಲೆಲ್ಲ ಅತ್ಯಂತ ಅಸಹ್ಯವಾದದ್ದು ಎಂದು ಅವಳು ಅದನ್ನು ಬಣ್ಣಿಸುತ್ತಾಳೆ. ಕೊಳಕು, ಒರಟುತನ, ಅಜ್ಞಾನ. ಆ ಜನರಿಗೆ ನೆಪೋಲಿಯನ್ ಪದಚ್ಯುತನಾದದ್ದೂ ಗೊತ್ತಿರಲಿಲ್ಲ. ಬಿದ್ದ ಮನೆಗಳನ್ನು ಮತ್ತೆ ಯಾಕೆ ಕಟ್ಟಿಕೊಂಡಿಲ್ಲ ಎಂದು ಇವರು ಕೇಳುತ್ತಾರೆ. ಕೊಸಾಕರು ವಾಪಸು ಹೋಗುವಾಗ ಮತ್ತೆ ಕೆಡವುತ್ತಾರೆಂಬ ಭಯ ಎಂದು ಅವರು ಹೇಳುತ್ತಾರೆ.

ನನಗೆ ಇಡೀ ಪುಸ್ತಕದ ಕೀಲಿ ಇಲ್ಲಿದೆ ಅನಿಸುತ್ತದೆ. ಮೇರಿ ಕುತೂಹಲವಿಲ್ಲದ ಪ್ರಯಾಣಿಕಳಲ್ಲ. ಅವಳು ಪ್ರಶ್ನೆ ಕೇಳಿದಳು. ಉತ್ತರವೂ ಬಂತು. ಎಂಥ ಉತ್ತರ! ಕಟ್ಟಿದರೆ ಕೆಡವುತ್ತಾರೆ, ಅದಕ್ಕೇ ಕಟ್ಟಿಲ್ಲ. ಇದು ಅಜ್ಞಾನಿಗಳ ಮಾತಲ್ಲ. ಸೈನ್ಯ ಹೋದ ದಾರಿಯಲ್ಲೇ ಹಿಂತಿರುಗುತ್ತದೆ ಎಂದು ಅನುಭವದಿಂದ ಬಲ್ಲವರ ಲೆಕ್ಕಾಚಾರ. ಈ ಉತ್ತರ ಕೇಳಿದ ಮೇಲೆ ಊರಿನ ಕೊಳಕು ಬೇರೆಯಾಗಿಯೇ ಕಾಣಬೇಕಿತ್ತು. ಕಾಣಲಿಲ್ಲ. ಉತ್ತರವನ್ನು ನಿಷ್ಠೆಯಿಂದ ಬರೆದಿಟ್ಟ ಕೈಯೇ ‘ಅಸಹ್ಯ’ ಎಂಬ ಪದವನ್ನೂ ಹಾಗೇ ಉಳಿಸಿತು. ಎಶ್ಮೀನ್‌ನವರಿಗೆ ಪುಸ್ತಕದಲ್ಲಿ ಸಿಕ್ಕಿದ್ದು ಒಂದೇ ವಾಕ್ಯ. ಅದೂ ಅವರ ಪರವಾಗಿ ವಾದಿಸಲಿಲ್ಲ.

ರೈನ್ ನದಿಯಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಬಾಡಿಗೆ ದೋಣಿಗಳಲ್ಲಿ ಇವರ ಜೊತೆ ಕೂತವರು ಸಾಮಾನ್ಯ ಜರ್ಮನರು. ಅವರ ಹೊಗೆಬತ್ತಿ, ಕುಡಿತ, ಹಾಡು, ಕೂಗಾಟ ಎಲ್ಲವೂ ಮೇರಿಗೆ ಹೇಸಿಗೆ. ಒಂದು ಮಧ್ಯಾಹ್ನ ಊಟಕ್ಕೆ ದಡಕ್ಕಿಳಿದು ಬಂದಾಗ ಇವರ ಜಾಗದಲ್ಲಿ ಬೇರೆಯವರು ಕೂತಿದ್ದರು. ಇವರು ಇನ್ನೊಂದು ಕಡೆ ಕೂತರು. ಆ ಜಾಗದವರು ಬಂದು ಜಗಳ ತೆಗೆದಾಗ ಪರ್ಸಿ ಒಬ್ಬನನ್ನು ಹೊಡೆದು ಬೀಳಿಸಿದ. ಅಹಿಂಸೆಯ ಕವಿ ಎಂದು ನಾವು ಪಾಠ ಮಾಡುವ ಪರ್ಸಿ! ಮೇರಿಯ ದೃಷ್ಟಿಯಲ್ಲಿ ಒರಟುತನ ಪೂರ್ತಿಯಾಗಿ ಎದುರಿನವರದು. ಆದರೆ ಅವಳ ವಾಕ್ಯವನ್ನೇ ನಿಧಾನವಾಗಿ ಓದಿದರೆ ಎರಡು ಸಂಗತಿ ಹೊರಬೀಳುತ್ತವೆ. ಇವರು ಕೂತಿದ್ದ ಜಾಗ ಮೊದಲಿನಿಂದ ಆ ಜರ್ಮನರದು. ಮತ್ತು ಏಟು ತಿಂದವನು ಬಾಯಿ ಮಾಡಿದನೇ ಹೊರತು ತಿರುಗಿ ಹೊಡೆಯಲಿಲ್ಲ. ಈ ಸಂಗತಿಗಳನ್ನು ಅವಳು ಅಡಗಿಸಲಿಲ್ಲ. ಅವುಗಳಿಂದ ಏನು ಹೊರಡುತ್ತದೆಂದು ಕೇಳಿಕೊಳ್ಳಲೂ ಇಲ್ಲ. ಖಾಸಗಿ ದಿನಚರಿಯಲ್ಲಂತೂ ಇನ್ನೂ ಕಠೋರವಾಗಿ, ಇಂಥವರನ್ನು ಶುದ್ಧಿ ಮಾಡುವುದಕ್ಕಿಂತ ದೇವರಿಗೆ ಹೊಸ ಮನುಷ್ಯರನ್ನೇ ಸೃಷ್ಟಿಸುವುದು ಸುಲಭ ಎಂಬರ್ಥದ ಮಾತು ಬರೆದಳು.

ಹದಿನಾರು–ಹದಿನೇಳರ ಹುಡುಗಿ, ಆ ಕಾಲದ ಪ್ರವಾಸ ಕಥನಗಳೇ ಹಾಗೆ ಎಂದು ಬಿಡಬಹುದೇ? ಬಿಡಲು ಪುಸ್ತಕವೇ ಅಡ್ಡ ಬರುತ್ತದೆ. ರೈನ್ ದೋಣಿಯಲ್ಲಿ ಪರ್ಸಿ ಗಟ್ಟಿಯಾಗಿ ಓದಿ ಹೇಳುತ್ತಿದ್ದದ್ದು ಇನ್ನೊಂದು ಪ್ರವಾಸ ಕಥನವನ್ನು: ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಿಂದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಬರೆದ ಪತ್ರಗಳು. ಆಕೆ ಮೇರಿಯ ತಾಯಿ. 1795ರ ಬೇಸಿಗೆಯಲ್ಲಿ, ಹಸುಗೂಸು ಮಗಳನ್ನೂ ಒಬ್ಬ ಸೇವಕಿಯನ್ನೂ ಕರೆದುಕೊಂಡು ಹೋದ ಪ್ರಯಾಣ ಅದು. ಈ ಮೇರಿಯನ್ನು ಹೆತ್ತು ಹತ್ತು ದಿನ ಕಳೆದ ಮೇಲೆ, 1797ರ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡಳು. ತಾಯಿಯನ್ನು ಕಾಣದ ಮಗಳು ತಾಯಿಯ ಪ್ರವಾಸವನ್ನು ತನ್ನ ಪ್ರವಾಸದಲ್ಲಿ ಕೇಳಿಸಿಕೊಳ್ಳುತ್ತಾಳೆ. ಪುಸ್ತಕದಲ್ಲಿ ತಾಯಿಯ ಹೆಸರಿದೆ, ನಂಟಿನ ಮಾತಿಲ್ಲ.

ತಾಯಿಯೂ ಕೊಳಕು ಕಂಡು ಮುಖ ಸಿಂಡರಿಸಿದವಳೇ. ಆಕೆಯೂ ತನ್ನ ಪ್ರಯಾಣದ ನಿಜವಾದ ಉದ್ದೇಶವನ್ನು, ಸಂಗಾತಿ ಇಮ್ಲೇಯ ವ್ಯಾಪಾರದ ಕೆಲಸವನ್ನು, ಓದುಗರಿಂದ ಮುಚ್ಚಿಟ್ಟಳು. ಆದರೆ ಸ್ವೀಡನ್ನಿನ ಮನೆಗೆಲಸದ ಹೆಂಗಸರನ್ನು ಕಂಡಾಗ ಆಕೆ ಸಿಂಡರಿಸಿದ ಮುಖದಲ್ಲೇ ನಿಲ್ಲಲಿಲ್ಲ. ಅವರು ಚಳಿಗಾಲದಲ್ಲಿ ನದಿಯ ತಣ್ಣೀರಿನಲ್ಲಿ ಬಟ್ಟೆ ಒಗೆಯುತ್ತಾರೆ, ಮಂಜುಗಡ್ಡೆ ತಾಗಿ ಕೈ ಬಿರಿದು ರಕ್ತ ಬರುತ್ತದೆ, ಜೊತೆಯ ಗಂಡಾಳುಗಳು ತೊಟ್ಟಿ ಹೊರಲೂ ಕೈ ಕೊಡುವುದಿಲ್ಲ, ಅದು ಗಂಡಸುತನಕ್ಕೆ ಕುಂದಂತೆ ಎಂದು ಬರೆದಳು. ಕೈ ಯಾಕೆ ಬಿರಿದಿದೆ ಎಂಬ ಕಾರಣ ಸಿಕ್ಕ ಕೂಡಲೇ ವಿವರಣೆಯ ದಿಕ್ಕು ತಿರುಗುತ್ತದೆ. ಅಂದರೆ ಪ್ರವಾಸ ಕಥನ ಎಂಬ ಪ್ರಕಾರ ಇದನ್ನು ಮಾಡಬಲ್ಲದು. ಮಾಡಿದ ಮಾದರಿ ದೋಣಿಯಲ್ಲೇ ಇತ್ತು.

ಈಗ ಕಾದಂಬರಿಗೆ ಬರೋಣ. ವಿಕ್ಟರ್ ಫ್ರಾಂಕನ್‌ಸ್ಟೈನ್ ಗೆಳೆಯ ಕ್ಲರ್ವಲ್ ಜೊತೆ ಸ್ಟ್ರಾಸ್‌ಬರ್ಗ್‌ನಿಂದ ರಾಟರ್‌ಡ್ಯಾಮ್‌ಗೆ ರೈನ್ ನದಿಯಲ್ಲೇ ಇಳಿಯುತ್ತಾನೆ. 1814ರ ದಾರಿಯೇ. ದ್ರಾಕ್ಷಿ ತೋಟಗಳಿವೆ, ಪಾಳು ಕೋಟೆಗಳಿವೆ. ಹೊಗೆಬತ್ತಿ ಸೇದುವ ಸಹಪ್ರಯಾಣಿಕರು ಇಲ್ಲ. ಅವರೆಲ್ಲಿ ಹೋದರು? ಅವರೇ ಇವರೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಕಾದಂಬರಿಯ ನಡುವೆ, ಶಾಮೊನಿಯ ಹಿಮನದಿಯ ಮೇಲೆ, ನೋಡಿದವರೆಲ್ಲ ಅಸಹ್ಯಪಟ್ಟು ಓಡುವ ಒಂದು ಜೀವ ತನ್ನನ್ನು ಸೃಷ್ಟಿಸಿದವನನ್ನು ತಡೆದು, ನನ್ನ ಕಥೆ ಕೇಳು ಎನ್ನುತ್ತದೆ. ಅಲ್ಲಿಂದ ಹಲವು ಅಧ್ಯಾಯ ಅದರದೇ ಮಾತು, ‘ನಾನು’ ಎಂಬ ಮಾತು. ಆ ಕಥೆಯೊಳಗೆ ಅದನ್ನು ಮನುಷ್ಯನಂತೆ ಮಾತಾಡಿಸುವವನು ಕುರುಡ ಮುದುಕ ಡಿ ಲೇಸಿ ಒಬ್ಬನೇ. ಅವನಿಗೆ ಕಿವಿ ಇದೆ, ಕಣ್ಣಿಲ್ಲ. ಕಣ್ಣಿರುವ ಮಗ ಫೀಲಿಕ್ಸ್ ಒಳಬಂದವನೇ ಕೋಲಿನಿಂದ ಬಾರಿಸುತ್ತಾನೆ. ಅವನನ್ನು ಸಿಗಿದುಹಾಕುವ ಬಲವಿದ್ದರೂ ಆ ಜೀವ ತಿರುಗಿ ಹೊಡೆಯುವುದಿಲ್ಲ. ರೈನ್ ದೋಣಿಯಲ್ಲಿ ಏಟು ತಿಂದವನ ಹಾಗೆಯೇ. ವ್ಯತ್ಯಾಸ ಇಷ್ಟು: ದೋಣಿಯಲ್ಲಿ ನಾವು ಹೊಡೆದವನ ಕಡೆ ಕೂತು ನೋಡಿದೆವು, ಕಾದಂಬರಿಯಲ್ಲಿ ಏಟು ಬಿದ್ದವನ ಒಳಗಿದ್ದು ಕೇಳುತ್ತೇವೆ.

ಇದನ್ನು ‘ಬೆಳವಣಿಗೆ’ಯ ಕಥೆಯಾಗಿ ಹೇಳಿಬಿಡುವ ಆಸೆಯಾಗುತ್ತದೆ: ಹದಿನೇಳರಲ್ಲಿ ಅಸಹ್ಯಪಟ್ಟವಳು ಇಪ್ಪತ್ತರಲ್ಲಿ ಮರುಕ ಕಲಿತಳು. ಸೆಮಿನಾರುಗಳಲ್ಲಿ ನಾನು ಕೇಳಿದ ವಿವರಣೆಯೂ ಇದೇ. ಆದರೆ ತಾರೀಕುಗಳು ಒಪ್ಪುವುದಿಲ್ಲ. ‘ಫ್ರಾಂಕನ್‌ಸ್ಟೈನ್’ ಶುರುವಾದದ್ದು 1816ರ ಜೂನ್‌ನಲ್ಲಿ. ಬರೆದು ಮುಗಿದದ್ದು 1817ರ ಮೇ ತಿಂಗಳಲ್ಲಿ. ಹಳೆಯ ದಿನಚರಿಯನ್ನು ತಿದ್ದಿ ಪ್ರವಾಸ ಕಥನವಾಗಿ ಅಚ್ಚಿಗೆ ಸಿದ್ಧಪಡಿಸಿದ್ದು ಅದಾದ ಮೇಲೆ. ಆ ಜೀವಕ್ಕೆ ಅಷ್ಟೊಂದು ಮಾತು ಕೊಟ್ಟು ಮುಗಿಸಿದ ಮೇಲೆಯೂ ಮೇರಿ ಎಶ್ಮೀನ್‌ನ ‘ಅಸಹ್ಯ’ವನ್ನು ಹೊಡೆದುಹಾಕಲಿಲ್ಲ. ಹ್ಯಾರಿಯೆಟ್ಟನ್ನು ಅಳಿಸಲು, ಗಂಡನನ್ನು ಸೇರಿಸಲು ಆ ಪುಸ್ತಕಕ್ಕೆ ಕೈ ಬಂತು. ಹಳ್ಳಿಯ ವಿಶೇಷಣ ಬದಲಿಸಲು ಬರಲಿಲ್ಲ. ಈ ತಿದ್ದುಪಡಿಯಲ್ಲಿ ಪರ್ಸಿಯ ಪಾಲೂ ಇತ್ತು, ಮುನ್ನುಡಿ ಅವನದೇ. ಯಾರ ಕೈ ಎಲ್ಲಿ ಎಂದು ಬಿಡಿಸಿದರೂ ಪ್ರಶ್ನೆ ಕರಗುವುದಿಲ್ಲ. ಮರುಕ ಮತ್ತು ಅಸಹ್ಯ ಒಂದೇ ಮೇಜಿನ ಮೇಲೆ, ಒಂದೇ ವರ್ಷದಲ್ಲಿ ಇದ್ದವು.

ಹಾಗಾದರೆ ವಯಸ್ಸಿಗಿಂತ ಮುಖ್ಯವಾದದ್ದು, ಯಾರ ಮಾತು ಎಷ್ಟು ಹೊತ್ತು ನಡೆಯಬೇಕು ಎಂಬ ಏರ್ಪಾಡು. ಕಾದಂಬರಿಯಲ್ಲಿ ಮೇರಿ ಕುರೂಪಿಗೆ ತಡೆಯಿಲ್ಲದೆ ಮಾತಾಡುವ ಅವಕಾಶ ಮಾಡಿಕೊಟ್ಟಳು. ಆಗ ಓದುಗರ ತೀರ್ಪು ತಾನಾಗಿ ಅಲುಗಿತು. ಪ್ರವಾಸ ಕಥನದಲ್ಲಿ ಆ ಅವಕಾಶ ಒಂದು ವಾಕ್ಯಕ್ಕೇ ಮುಗಿಯಿತು, ಯಾಕೆಂದರೆ ಪ್ರಯಾಣಿಕರು ಮುಂದಿನ ಊರಿಗೆ ಹೊರಡಬೇಕಿತ್ತು. ಪ್ರವಾಸ ಕಥನದ ಮುಖ್ಯ ತೊಡಕು ಪೂರ್ವಗ್ರಹಕ್ಕಿಂತ ಹೆಚ್ಚಾಗಿ ಈ ಅವಸರ ಎಂದು ನನಗನಿಸುತ್ತದೆ.

ಕನ್ನಡದಲ್ಲೂ ಯುರೋಪ್ ಪ್ರವಾಸ ಕಥನದ ಪರಂಪರೆ ಚಿಕ್ಕದಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ನಮ್ಮ ಎದುರಿಗಿವೆ. ಇವುಗಳನ್ನು ಪ್ರಯಾಣಿಕರು ಏನು ಕಂಡರು ಎಂಬುದಕ್ಕಾಗಿ, ಅವರ ಕಣ್ಣು ಎಷ್ಟು ತೆರೆದಿತ್ತು ಎಂಬುದಕ್ಕಾಗಿ ನಾವು ಓದುತ್ತೇವೆ, ಮೆಚ್ಚುತ್ತೇವೆ. ಅದರ ಜೊತೆಗೆ ಇನ್ನೊಂದು ಸಣ್ಣ ಲೆಕ್ಕವನ್ನೂ ಇಡಬಹುದು: ದಾರಿಯಲ್ಲಿ ಸಿಕ್ಕವರು ಎಷ್ಟು ವಾಕ್ಯ ಆಡಿದರು, ಅವರ ಮಾತು ಕೇಳಿದ ಮೇಲೆ ಬರೆದವರ ಯಾವ ಪದ ಬದಲಾಯಿತು. ಈ ಬೇಸಿಗೆಯಲ್ಲಿ ಪ್ಯಾರಿಸ್‌ನಿಂದಲೋ ಮೈಂಟ್ಸ್‌ನಿಂದಲೋ ಬರೆದು ಕಳಿಸುವ ಗೆಳೆಯರ ಟಿಪ್ಪಣಿಗಳನ್ನೂ ನಾನು ಹೀಗೇ ಓದುವವರ ಪೈಕಿ. ಎಶ್ಮೀನ್‌ನಲ್ಲಿ ಪ್ರಶ್ನೆ ಸರಿಯಾಗಿತ್ತು, ಉತ್ತರವೂ ಸರಿಯಾಗಿತ್ತು. ಉತ್ತರ ಸಿಕ್ಕ ಮೇಲೆ ಇನ್ನೊಂದು ಗಳಿಗೆ ಅಲ್ಲೇ ನಿಂತು, ಬರೆದದ್ದನ್ನು ಮತ್ತೆ ಓದಿಕೊಳ್ಳುವುದಷ್ಟೇ ಬಾಕಿಯಿತ್ತು.