ಧಾರವಾಡಕ್ಕೆ ಕಳಿಸಿದ ಮೇಲೆ

ನಮ್ಮ ಉತ್ತರ ಕರ್ನಾಟಕದಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂದರೆ ಕಾಲೇಜಿಗಲ್ಲ, ಕವಿಗೋಷ್ಠಿಗೂ ಅಲ್ಲ. ಬೆಳಗಾವಿ ರಸ್ತೆಯ ಆಸ್ಪತ್ರೆಗೆ. 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ, ಚೇಷ್ಟೆಯ ಮಾತು ಹಾಗೇ ಉಳಿದಿದೆ. ಕಳಿಸಿದ ಮೇಲೆ ಏನಾಯಿತೆಂದು ಆ ಮಾತು ಆಡುವವರು ಕೇಳುವುದಿಲ್ಲ. ನಮ್ಮ ಸಾಹಿತ್ಯವೂ ಸಾಕಷ್ಟು ಕೇಳಿಲ್ಲ ಎಂಬುದು ನನ್ನ ತಕರಾರು.

ಕುಡುಕನಿಗೆ ಕನ್ನಡದಲ್ಲಿ ಒಳ್ಳೆಯ ಜಾಗವಿದೆ. ಸ್ವತಃ ಕುಡಿಯದ ರಾಜರತ್ನಂ ಕಟ್ಟಿದ ರತ್ನನಿಗೆ ಹೆಂಡ, ಪುಟ್ನಂಜಿ, ಕನ್ನಡ ಮೂರೂ ಬೇಕು; ಅವನ ಬಾಯಲ್ಲಿ ಅಮಲಿಗೂ ಒಂದು ಘನತೆ. ಕಂಗೆಟ್ಟ ಮನಸ್ಸಿಗೂ ಜಾಗವಿದೆ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ ನಾಗಪ್ಪನ ಭಯ ಎಲ್ಲಿ ಮುಗಿದು ನಿಜವಾದ ಸಂಚು ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯುವುದು ಕಷ್ಟ. ಆದರೆ ಕುಡಿತ, ಮನೋರೋಗ ಎರಡೂ ಒಬ್ಬನಲ್ಲೇ ಇದ್ದರೆ? ಅವನು ಹಾಸ್ಯಕ್ಕೂ ಒಗ್ಗುವುದಿಲ್ಲ, ನವ್ಯದ ಏಕಾಂತಕ್ಕೂ ಒಗ್ಗುವುದಿಲ್ಲ.

ವೈದ್ಯರಿಗೂ ಅವನು ಸುಲಭದ ಓದಲ್ಲ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಕೆಲವರಿಗೆ ಇಲ್ಲದ ಹುಳು ಕಾಣುತ್ತವೆ, ದನಿ ಕೇಳುತ್ತವೆ. ಚಿಕಿತ್ಸೆ ಸಿಕ್ಕರೆ ಅದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ಮುಟ್ಟದಿದ್ದರೂ ದನಿ ನಿಲ್ಲದಿದ್ದರೆ ಬೇರೆ ಕಾಯಿಲೆಯ ಅನುಮಾನ ಬರುತ್ತದೆ. ದನಿ ಅಡಗಲೆಂದು ಕುಡಿದನೋ, ಕುಡಿದದ್ದರಿಂದ ದನಿ ಬಂತೋ? ಒಂದು ದಿನದ ಚೀಟಿಯಲ್ಲಿ ಇದು ತಿಳಿಯದು. ಒಳಗಿರಿಸಿಕೊಂಡು, ದಿನ ಕಳೆಯಲು ಬಿಟ್ಟು, ನೋಡಬೇಕು. ಆಸ್ಪತ್ರೆಯ ವಾಸ ಕೊಡುವುದು ಮುಖ್ಯವಾಗಿ ಈ ಸಮಯವನ್ನು. ಕುಡಿತ ಬಿಡಿಸುವವರು ಕುಡಿತವನ್ನಷ್ಟೇ ನೋಡಿದರೆ ದನಿ ಅವನನ್ನು ಮತ್ತೆ ಅಂಗಡಿಗೆ ಕರೆದೊಯ್ಯುತ್ತದೆ. ದನಿಗಷ್ಟೇ ಗುಳಿಗೆ ಕೊಟ್ಟರೆ ಕುಡಿತದ ನಡುವೆ ಗುಳಿಗೆ ತಪ್ಪುತ್ತದೆ. ಎರಡಕ್ಕೂ ಒಂದೇ ಸೂರಿನಡಿ, ಒಟ್ಟಿಗೇ ಮದ್ದಾಗಬೇಕು.

2017ರ ಮಾನಸಿಕ ಆರೋಗ್ಯ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಅಂಟಿಕೊಂಡ ಮನಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ. ಆಸ್ಪತ್ರೆಗೂ ಮನೆಗೂ ನಡುವಿನ ಹಾಫ್‌ವೇ ಹೋಮ್‌ಗಳನ್ನೂ ಅದು ಹೆಸರಿಸುತ್ತದೆ. ಸರ್ಕಾರದ ಒಣ ಗದ್ಯಕ್ಕೆ ಹೊಳೆದದ್ದು ನಮ್ಮ ಕಥನಕ್ಕೆ ಯಾಕೆ ಹೊಳೆಯಲಿಲ್ಲ?

ಚಿತ್ತಾಲರ ಸಂಶಯವೂ ರತ್ನನ ಬಾಯಿಯೂ ಒಟ್ಟಿಗೆ ಬೇಕಾದ ಕಾದಂಬರಿ ಅದು. ಬಿಡುಗಡೆಯ ದಿನ ಹುಬ್ಬಳ್ಳಿಯಿಂದ ಬಂದ ತಾಯಿ ಮಗನಿಗೆ ಮೊದಲು ಏನು ಕೇಳುತ್ತಾಳೆ: ‘ಕುಡಿಯೂದು ಬಿಟ್ಟೇನೋ?’ ಎಂದೋ, ‘ಈಗೂ ಯಾರರ ಕರದಂಗ ಆಗತೈತೇನೋ?’ ಎಂದೋ? ಅಲ್ಲಿಂದ ಯಾರಾದರೂ ಬರೆಯಲು ಶುರುಮಾಡಲಿ.