ವಿಷ ಮತ್ತು ವಿಷವಿಕ್ಕಿದವರು: ‘ಖಗೇಂದ್ರಮಣಿದರ್ಪಣ’ದಿಂದ ‘ಎಣ್ಮಕಜೆ’ಯವರೆಗೆ

ವಿಷವೈದ್ಯವನ್ನು ಕುರಿತ ಹಳಗನ್ನಡ ಗ್ರಂಥಗಳಲ್ಲಿ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ಕ್ಕೆ ಹಿರಿಯ ಸ್ಥಾನವಿದೆ. ಇದರ ಕಾಲ ಸುಮಾರು ಕ್ರಿ.ಶ. 1360. ಹದಿನಾರು ಅಧಿಕಾರಗಳ ಈ ಕೃತಿಯನ್ನು 1942ರಲ್ಲಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾನಿಲಯ. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರು ಅದರ ಸಂಪಾದಕರು. ಹೊರನಾಡಿನ ಕನ್ನಡ ವಿಭಾಗವೊಂದು ನಮಗೆ ಉಳಿಸಿಕೊಟ್ಟ ಈ ಗ್ರಂಥದ ಬಗೆಗೆ ನಮ್ಮ ವಿಮರ್ಶೆ ಈವರೆಗೆ ಎರಡು ದಾರಿಗಳಲ್ಲಿ ನಡೆದಿದೆ. ಒಂದು, ಶಾಸ್ತ್ರಸಾಹಿತ್ಯದ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಕೊಟ್ಟು ಮುಂದೆ ಸಾಗುವುದು. ಇನ್ನೊಂದು, ಆಧುನಿಕ ವಿಜ್ಞಾನ ಹೇಳುವುದನ್ನೆಲ್ಲ ನಮ್ಮ ಹಿರಿಯರು ಮೊದಲೇ ಕಂಡಿದ್ದರೆಂದು ಹೆಮ್ಮೆಪಡುವುದು. ಪರಿಸರದಲ್ಲಿ ಬೆರೆತ ವಿಷಗಳು ಮನುಷ್ಯನ ಆರೋಗ್ಯವನ್ನು ಕೆಡಿಸುವ ಪರಿಯೂ ಪ್ರಾಚೀನರಿಗೆ ತಿಳಿದಿತ್ತೆಂಬ ಮಾತು ವಿಚಾರಸಂಕಿರಣಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಮಂಗರಾಜನ ಪರಂಪರೆಯನ್ನು ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ಯ (2009) ಎದುರಿಗಿಟ್ಟು ನೋಡಬಯಸುತ್ತೇವೆ.

ಮೇಲಿನ ವಾದಕ್ಕೆ ಸಾಮಾನ್ಯವಾಗಿ ಆಧಾರವಾಗಿ ಒದಗುವುದು ‘ದೂಷೀವಿಷ’ದ ಕಲ್ಪನೆ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಪ್ರಕಾರ, ಹಳತಾಗಿ ಅಥವಾ ಔಷಧದಿಂದ ಶಕ್ತಿಗುಂದಿದ ವಿಷವು ದೇಹವನ್ನು ಪೂರ್ತಿಯಾಗಿ ಬಿಟ್ಟುಹೋಗದೆ, ಕಫದಿಂದ ಆವೃತವಾಗಿ ವರ್ಷಗಟ್ಟಲೆ ಒಳಗೇ ಉಳಿಯುತ್ತದೆ. ಅನುಕೂಲವಾದ ಕಾಲ ಬಂದಾಗ ಕೆರಳುತ್ತದೆ. ಕೊಬ್ಬಿನಂಶದಲ್ಲಿ ಶೇಖರಗೊಳ್ಳುವ ಇಂದಿನ ಕೀಟನಾಶಕಗಳ ನಡವಳಿಕೆಗೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆಯಿರುವುದು ನಿಜ. ಆದರೆ ಹೋಲಿಕೆಯೇ ಪೂರ್ವಜ್ಞಾನವಲ್ಲ. ಅದೇ ಕಲ್ಪಸ್ಥಾನದಲ್ಲಿ ನೀರು, ನೆಲ, ಗಾಳಿಗಳು ವಿಷಮಯವಾಗುವ ವಿಚಾರವೂ ಬರುತ್ತದೆ. ಅಲ್ಲಿ ಅವುಗಳನ್ನು ಕೆಡಿಸುವವನು ಶತ್ರು, ಸಂದರ್ಭ ಯುದ್ಧ. ಅರಮನೆಯ ಅಡುಗೆಮನೆಯನ್ನು ವೈದ್ಯನು ಕಾಯಬೇಕಾದುದೂ ಶತ್ರುಭಯದಿಂದಲೇ. ಪರಿಸರವೇ ವಿಷವಾಗಬಲ್ಲದೆಂಬುದು ಪ್ರಾಚೀನರಿಗೆ ತಿಳಿದಿತ್ತು. ಆದರೆ ಕಲ್ಪಸ್ಥಾನದ ಈ ಪ್ರಸಂಗದಲ್ಲಿ ಅದರ ಹಿಂದಿರುವುದು ವೈರ.

ಮಂಗರಾಜನ ಲೋಕದ ಒಳಗಟ್ಟೂ ಇದೇ. ಸ್ಥಾವರ, ಜಂಗಮ ಎಂಬ ವಿಭಾಗಗಳಲ್ಲಿ ಪ್ರತಿಯೊಂದು ವಿಷಕ್ಕೂ ಒಂದು ನೆಲೆಯಿದೆ: ಗಿಡದ ಬೇರು, ಖನಿಜ, ಹಾವಿನ ಹಲ್ಲು, ಚೇಳಿನ ಕೊಂಡಿ. ಕಚ್ಚಿದ ಗುರುತನ್ನೂ ದೇಹದ ಲಕ್ಷಣಗಳನ್ನೂ ನೋಡಿ ವೈದ್ಯನು ವಿಷದ ಮೂಲವನ್ನು ನಿರ್ಣಯಿಸುತ್ತಾನೆ. ಬಳಿಕ ಮಂತ್ರವೋ ಔಷಧವೋ ಪ್ರಯೋಗವಾಗುತ್ತದೆ. ಅಂದರೆ ಒಂದು ದೇಹವು ತನಗೊದಗಿದ ವಿಷದ ಬಗೆಗೆ ತಾನೇ ಸಾಕ್ಷಿ ಹೇಳಬಲ್ಲದೆಂಬ ನಂಬಿಕೆ ಇಡೀ ಶಾಸ್ತ್ರದ ತಳಹದಿಯಾಗಿದೆ.

ಈ ತಳಹದಿ ಕುಸಿಯುವುದನ್ನು ನಾವು ಕಾಸರಗೋಡಿನಲ್ಲಿ ಕಾಣುತ್ತೇವೆ. ಎಣ್ಮಕಜೆಯು ಕನ್ನಡ, ತುಳು, ಮಲಯಾಳಂಗಳು ಬೆರೆತು ಬಾಳುವ ಗಡಿನಾಡಿನ ಊರು. ಅಲ್ಲಿನ ಪಡ್ರೆಯಂಥ ಗ್ರಾಮಗಳ ಜನ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ಪಡೆಯುತ್ತಾರೆ. ಅದೇ ಗುಡ್ಡಗಳ ನೆತ್ತಿಯಲ್ಲಿ ಕೇರಳದ ಸರ್ಕಾರಿ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳಿವೆ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ನೆತ್ತಿಯ ಮೇಲೆ ಬಿದ್ದುದು ಮಳೆಯೊಡನೆ ಇಳಿದು ತೋಡನ್ನು ಸೇರುವುದಕ್ಕೆ ಅಡ್ಡಿಯಿರಲಿಲ್ಲ. ಕರುಗಳು ವಿಕಲಾಂಗವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲಿಯೇ ಬರೆದರು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಅವರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅಸಹಜವಾದ ಕಾಯಿಲೆಗಳ ದಟ್ಟಣೆಯನ್ನು ಗುರುತಿಸಿದರು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಎಂಡೋಸಲ್ಫಾನ್ ನರವ್ಯೂಹದ ಮೇಲೆ ಕೆಲಸ ಮಾಡುವ ಕ್ಲೋರಿನ್‌ಯುಕ್ತ ವಿಷ. ನರಗಳ ಉದ್ರೇಕವನ್ನು ತಗ್ಗಿಸುವ ವ್ಯವಸ್ಥೆಯನ್ನೇ ಅದು ತಡೆಯುವುದರಿಂದ ಹೆಚ್ಚಿನ ಪ್ರಮಾಣದಲ್ಲಿ ದೇಹ ಸೇರಿದಾಗ ಸೆಳವು ಉಂಟಾಗುತ್ತದೆ. ಅಲ್ಪಪ್ರಮಾಣದ ದೀರ್ಘಕಾಲದ ಸೇವನೆಯ ಪರಿಣಾಮ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವಂಥದಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಂಪಡಣೆಗೆ ಒಳಗಾದ ಊರಿನ 117 ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಲಾಯಿತು. ಮೊದಲ ಗುಂಪಿನಲ್ಲಿ ಲೈಂಗಿಕ ಬೆಳವಣಿಗೆ ತಡವಾಗಿರಬಹುದೆಂದೂ ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಯಾಗಿರಬಹುದೆಂದೂ ಆ ಅಧ್ಯಯನ ಸೂಚಿಸಿತು. ಇಲ್ಲಿನ ವಿಧಾನವನ್ನು ನಾವು ಗಮನಿಸಬೇಕು. 117 ಮಂದಿಯಲ್ಲಿ ಯಾವನೊಬ್ಬನ ದೇಹವೂ ಒಂಟಿಯಾಗಿ ಏನನ್ನೂ ಸಾಬೀತುಪಡಿಸಲಾರದು. ಗುಂಪನ್ನು ಗುಂಪಿನೊಡನೆ ಹೋಲಿಸಿದಾಗಲೇ ವಿಷ ಮಾತನಾಡುತ್ತದೆ. ಆ ಪ್ರದೇಶದ ಪ್ರತಿಯೊಂದು ಕಾಯಿಲೆಗೂ ಇದೇ ಕಾರಣವೇ ಎಂಬ ಬಗೆಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಉಳಿದಿರುವುದಕ್ಕೂ ಇದೇ ಹಿನ್ನೆಲೆ. ಮಂಗರಾಜನ ವೈದ್ಯನಿಗೆ ಈ ಸಾಕ್ಷ್ಯವಿಧಾನ ಪೂರ್ತಿ ಅಪರಿಚಿತ. ದೂಷೀವಿಷದ ಹೆಸರಿನಲ್ಲಿ ನಾವು ಮುಚ್ಚಿಹಾಕುತ್ತಿರುವುದು ಈ ಅಂತರವನ್ನೇ.

ಇನ್ನು ಕಾದಂಬರಿಗೆ ಬರೋಣ. ಊರಿನ ಗೋಳನ್ನು ಜಟಾಧಾರಿ ದೈವದ ಶಾಪವೆಂದು ನಂಬಿದ ಜನ. ಸಮಾಜವನ್ನು ತೊರೆದು ಕಾಡಿನಲ್ಲಿ ನೆಲೆಸಿದ ನೀಲಕಂಠನ್ ಮತ್ತು ದೇವಯಾನಿ. ಅವರ ಆಸರೆಗೆ ಬಂದ, ಮೈಯೆಲ್ಲ ಹುಣ್ಣಾದ ಮಗು ಪರೀಕ್ಷಿತ. ಈ ಹೆಸರುಗಳು ಆಕಸ್ಮಿಕವಲ್ಲ. ಪುರಾಣದ ನೀಲಕಂಠ ವಿಷವನ್ನು ಕುಡಿದು ಲೋಕವನ್ನು ಉಳಿಸಿದವನು. ಪರೀಕ್ಷಿತ ತಕ್ಷಕನ ವಿಷಕ್ಕೆ ಬಲಿಯಾದವನು. ಎರಡೂ ಕಥೆಗಳಲ್ಲಿ ವಿಷಕ್ಕೆ ಮೂಲವಿದೆ, ಕಾರಣವಿದೆ. ಪರೀಕ್ಷಿತನ ಸಾವಿಗೆ ಅವನದೇ ತಪ್ಪಿನ ಹಿನ್ನೆಲೆಯೂ ಇದೆ. ಕಾದಂಬರಿಯ ಮಗು ಯಾವ ಋಷಿಯ ಕೊರಳಿಗೂ ಸತ್ತ ಹಾವನ್ನು ಹಾಕಿದ್ದಲ್ಲ. ಅದನ್ನು ದಂಡಿಸಬೇಕೆಂದು ಯಾರೂ ಸಂಕಲ್ಪಿಸಿರಲೂ ಇಲ್ಲ. ಶಾಪದ ವಿವರಣೆ ಸುಳ್ಳಾಗಿ, ಕಡತಗಳಲ್ಲಿ ಸಹಿಯಾದ ಸಿಂಪಡಣೆಯ ವಿವರಣೆ ಅದರ ಜಾಗಕ್ಕೆ ಬರುವ ಭಾಗಗಳು ಕೃತಿಯ ಅತ್ಯುತ್ತಮ ಭಾಗಗಳೆಂದು ನಾವು ಭಾವಿಸುತ್ತೇವೆ. ಪುರಾಣದ ಹೆಸರುಗಳನ್ನು ಹೊತ್ತೇ ಪುರಾಣದ ನ್ಯಾಯ ಇಲ್ಲಿ ಮುರಿದುಬೀಳುತ್ತದೆ.

ಕೃತಿಗೆ ಮಿತಿಗಳೂ ಇವೆ. ಮಾಹಿತಿಯ ಭಾರ ಅನೇಕ ಕಡೆ ಪಾತ್ರಗಳ ಬಾಯಿಗೆ ವರದಿಯ ಮಾತನ್ನು ತುರುಕುತ್ತದೆ. ಒಂದು ಮಗುವಿನ ಮೈಯನ್ನೇ ಪೂರ್ಣ ಸಾಕ್ಷ್ಯವನ್ನಾಗಿ ನಿಲ್ಲಿಸುವಾಗ ಲೇಖಕರು ಮಂಗರಾಜನ ವೈದ್ಯನ ದಾರಿಗೇ ಮರಳುತ್ತಾರೆ. ಸಹಾನುಭೂತಿಗೆ ಒಂದು ದೇಹ ಸಾಕು, ಪುರಾವೆಗೆ ಸಾಲದು. ಇವೆರಡನ್ನೂ ಒಂದೆಂದು ತಿಳಿದರೆ, ಪುರಾವೆಯನ್ನು ಅಲ್ಲಗಳೆಯುವವರು ಸಹಾನುಭೂತಿಯನ್ನೂ ಅಲ್ಲಗಳೆಯಲು ಎಡೆಮಾಡಿಕೊಟ್ಟಂತಾಗುತ್ತದೆ. ಕೊನೆಯಲ್ಲಿ ನಾಗರಿಕ ಬದುಕಿಗೆ ಬೆನ್ನುಮಾಡಿ ಗುಹೆಯತ್ತ ಸಾಗುವ ಆಶಯ ಕಾವ್ಯಮಯವಾದರೂ, ಹೊಣೆಗಾರಿಕೆಯ ಪ್ರಶ್ನೆಯನ್ನು ಅದು ಕಾಡಿನಲ್ಲಿ ಕಳೆದುಬಿಡುತ್ತದೆ. ಆ ಪ್ರಶ್ನೆ ಮುಂದುವರಿದದ್ದು ನ್ಯಾಯಾಲಯಗಳಲ್ಲಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟಗಳನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಹಾಗಾದರೆ ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಉಳಿಯುವ ಕೆಲಸವೇನು? ಒಂದು ಪದದಿಂದ ಅದನ್ನು ಸೂಚಿಸಬಹುದು. ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ; ಬಂದೂಕಿಗೆ ತುಂಬುವ ಪುಡಿ; ಅನ್ನದಲ್ಲಿ ಗುಟ್ಟಾಗಿ ಬೆರೆಸುವ ವಿಷವೂ ಹೌದು. ಕರಾವಳಿಯ ಕೃಷಿಕರು ಅಡಕೆಗೆ ‘ಮದ್ದು ಬಿಡುತ್ತಾರೆ’. ಮಲಯಾಳದ ‘ಮರುನ್ನ್’ ಪದದ ವ್ಯಾಪ್ತಿಯೂ ಹೆಚ್ಚುಕಡಿಮೆ ಇಷ್ಟೇ. ಗುಡ್ಡದ ಮೇಲೆ ಬಿದ್ದುದನ್ನು ಜನ ಮದ್ದೆಂದೇ ಕರೆಯುತ್ತಿದ್ದಾಗ, ಅದನ್ನು ವಿಷವೆಂದು ಕರೆಯುವುದಕ್ಕೆ ಧೈರ್ಯದ ಜೊತೆಗೆ ಭಾಷೆಯ ವಿವೇಕವೂ ಬೇಕಿತ್ತು. ವಿಷಕ್ಕೆ ಅದರ ಹೆಸರನ್ನಿಟ್ಟು ಕರೆಯುವ ಶಿಸ್ತನ್ನು ಮಂಗರಾಜನಿಂದ ಕಲಿಯಬಹುದು. ಅವನು ಕಾಣದ ವಿಷವನ್ನು ಅವನ ಬಾಯಲ್ಲಿ ಹೇಳಿಸುವುದು ಮಾತ್ರ ಸಲ್ಲದು.

ಕಾಸರಗೋಡಿನ ಈ ಅನುಭವ ಕನ್ನಡ, ತುಳು, ಮಲಯಾಳಂ ಮೂರು ಭಾಷೆಗಳಲ್ಲಿ ಹರಡಿಕೊಂಡಿದೆ. ಒಂದೇ ಭಾಷೆಯ ಗಡಿಯೊಳಗೆ ದುಡಿಯುವವರ ಕೈಗೆ ಅದು ಪೂರ್ತಿಯಾಗಿ ಸಿಕ್ಕುವುದಿಲ್ಲ. ಅನ್ಯಭಾಷೆಗಳ ನಡುವೆ ಬಾಳುತ್ತಿರುವ ಹೊರನಾಡಿನ ಸಂಶೋಧಕರಿಗೆ ಈ ಕೆಲಸ ಹೆಚ್ಚು ಸಹಜವಾದುದು. ತೋಟಕ್ಕೆ ಹೋದವರು, ಸುರಂಗದ ನೀರು ಹೊತ್ತವರು, ಮಕ್ಕಳನ್ನು ಸಾಕಿದ ತಾಯಂದಿರು ತಮ್ಮ ತಮ್ಮ ನುಡಿಯಲ್ಲಿ ಆ ವರ್ಷಗಳನ್ನು ಹೇಗೆ ಹೇಳುತ್ತಾರೆ, ಯಾವಾಗ ಅವರ ಮಾತಿನಲ್ಲಿ ‘ಮದ್ದು’ ಹೋಗಿ ‘ವಿಷ’ ಬಂದಿತು ಎಂಬುದನ್ನು ಸಂಗ್ರಹಿಸಬೇಕಾಗಿದೆ. ಸಿಂಪಡಣೆಯ ಮೊದಲ ವರ್ಷಗಳನ್ನು ಕಂಡ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರಿರುವಾಗಲೇ ಈ ಕೆಲಸ ನಡೆಯಬೇಕು.