ಹಳೆಯ ಗಣಕಯಂತ್ರ, ಹೊಸ ಕಾರ್ಯಾಚರಣ ವ್ಯವಸ್ಥೆ: ಒಂದು ವಿಮರ್ಶೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಶಿಕ್ಷಕರು ಭೇಟಿಯಾದಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ: ‘ಸರ್, ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲವಂತೆ. ಇನ್ನು ಅವನ್ನು ಗುಜರಿಗೆ ಕೊಡಬೇಕೇ?’

ಪ್ರಶ್ನೆ ಸಕಾಲಿಕವಾದುದು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇದರಿಂದ ಯಂತ್ರವೇನೂ ನಿಂತುಹೋಗುವುದಿಲ್ಲ. ಆದರೆ ಹೆಚ್ಚುವರಿ ಅವಧಿಗೆ ನೋಂದಾಯಿಸಿಕೊಳ್ಳದವರಿಗೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಅಂತರಜಾಲಕ್ಕೆ ಜೋಡಿಸಿದ ಯಂತ್ರಕ್ಕೆ ಇದು ನಿಜವಾದ ಅಪಾಯ.

ವಿಂಡೋಸ್ 11 ಕೇಳುವುದೇನು? 4 ಗಿಗಾಬೈಟ್ ರ್‍ಯಾಮ್ ಮತ್ತು 64 ಗಿಗಾಬೈಟ್ ಸಂಗ್ರಹ. ಇವನ್ನು ಹತ್ತು ವರ್ಷ ಹಳೆಯ ಯಂತ್ರವೂ ಪೂರೈಸಬಲ್ಲದು. ತಡೆ ಇರುವುದು ಬೇರೆಡೆ. ಗೂಢಲಿಪಿಯ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವ ‘ಟಿಪಿಎಂ 2.0’ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೆಯ ಪೀಳಿಗೆಯದು ಅಥವಾ ಅನಂತರದ್ದು ಆಗಿರಬೇಕು. ಈ ಷರತ್ತಿಗೆ ಭದ್ರತೆಯ ಸಮರ್ಥನೆ ಇದೆ. ಆದರೆ ಭದ್ರತೆಗಾಗಿ ಎಳೆದ ಗೆರೆಯನ್ನು ‘ಯಂತ್ರಕ್ಕೆ ಶಕ್ತಿ ಇಲ್ಲ’ ಎಂದು ಓದಿಕೊಳ್ಳುವುದು ತಪ್ಪು. ಅಳೆಯದೆ ತೀರ್ಪು ಕೊಡುವುದು ವಿಜ್ಞಾನದ ಮಾರ್ಗವಲ್ಲ.

ಅಳೆದೇ ನೋಡೋಣ. ಹಳೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡು ಕಾಯಬೇಕು. ತಲೆ ಸರಿಯುವ ಕಾಲ ಬೇರೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ 0.1 ಮಿಲಿಸೆಕೆಂಡಿನ ಆಸುಪಾಸಿನದು. ನಾವು ‘ಹಳೆಯದಾಯಿತು’ ಎನ್ನುವ ಯಂತ್ರದ ನಿಧಾನ ಬಹುಪಾಲು ಇಲ್ಲಿಯೇ ಇದೆ. ಡಿಸ್ಕ್ ಬದಲಿಸಿ, ರ್‍ಯಾಮ್ ಹೆಚ್ಚಿಸಿ, ಗ್ನೂ/ಲಿನಕ್ಸ್ ಸ್ಥಾಪಿಸಿದರೆ ಅದೇ ಯಂತ್ರದಿಂದ ಇನ್ನೂ ಕೆಲವು ವರ್ಷ ಕೆಲಸ ಪಡೆಯಬಹುದು.

ಶಾಲೆಗಳಲ್ಲಿ ಇದು ಸಾಧ್ಯವೇ ಎಂಬ ಶಂಕೆ ಬೇಡ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಸುಮಾರು ಎರಡು ದಶಕಗಳಿಂದ ಗ್ನೂ/ಲಿನಕ್ಸ್ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಮಿತಿಗಳನ್ನೂ ಹೇಳಬೇಕು. ವಿಂಡೋಸ್‌ಗಾಗಿಯೇ ಬರೆದ ತಂತ್ರಾಂಶಗಳು ಇಲ್ಲಿ ನೇರವಾಗಿ ನಡೆಯುವುದಿಲ್ಲ. 32 ಬಿಟ್‌ನ ತೀರ ಹಳೆಯ ಯಂತ್ರಗಳಿಗೆ ಆಯ್ಕೆ ಕಿರಿದಾಗುತ್ತಿದೆ. ಡೆಬಿಯನ್ ಸಹ 2025ರ ತನ್ನ 13ನೆಯ ಆವೃತ್ತಿಯಿಂದ ಅವಕ್ಕೆ ಸ್ಥಾಪನೆಯ ಆವೃತ್ತಿ ಕೊಡುತ್ತಿಲ್ಲ.

ಆದರೆ ನನ್ನ ಮುಖ್ಯ ಆಕ್ಷೇಪ ನಮ್ಮ ಮೇಲೆಯೇ. ಯಂತ್ರದ ಬಗ್ಗೆ ಇಷ್ಟು ಚಿಂತಿಸುವ ನಾವು ಅದರೊಳಗಿನ ಕನ್ನಡದ ಬಗ್ಗೆ ಯೋಚಿಸುವುದಿಲ್ಲ. ಪಾಠ ಟಿಪ್ಪಣಿ, ಪ್ರಶ್ನೆಪತ್ರಿಕೆ, ಶಾಲಾ ಸಂಚಿಕೆಗಳನ್ನು ವರ್ಷಗಟ್ಟಲೆ ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ್ದೇವೆ. ಅವುಗಳಲ್ಲಿ ‘ಈ’ ಅಕ್ಷರದ ಸಂಕೇತಸಂಖ್ಯೆ 70. ಇಂಗ್ಲಿಷಿನ ‘ಎಫ್’ ಅಕ್ಷರದ್ದೂ ಅದೇ 70. ಆ ಅಕ್ಷರಶೈಲಿ ಇಲ್ಲದ ಹೊಸ ವ್ಯವಸ್ಥೆಯಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. 1991ರಿಂದಲೇ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್‌ನಲ್ಲಿ ‘ಈ’ಗೆ ತನ್ನದೇ ಸಂಖ್ಯೆ ಇದೆ: 3208.

ಪರಿವರ್ತಕ ತಂತ್ರಾಂಶಗಳು ಇವೆ, ನಿಜ. ನನ್ನ ಟಿಪ್ಪಣಿಗಳನ್ನು ಹಾಗೆ ಪರಿವರ್ತಿಸಿದಾಗ ನ್ಯೂಟನ್ನನ ಎರಡನೆಯ ನಿಯಮದಲ್ಲಿ ಬಲವನ್ನು ಸೂಚಿಸುವ ‘ಎಫ್’ ಹೋಗಿ ‘ಈ’ ಬಂದಿತ್ತು! ಬರಿಯ ಪಠ್ಯವನ್ನು ನೋಡುವ ಪರಿವರ್ತಕಕ್ಕೆ ಆ 70 ಸೂತ್ರದ್ದೋ ಕನ್ನಡದ್ದೋ ತಿಳಿಯದು. ಸೂತ್ರಗಳನ್ನು ಕಣ್ಣಿಟ್ಟು ಓದಿ ತಿದ್ದಲೇಬೇಕು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕಡತಗಳ ಪ್ರತಿ, ಬಳಿಕ ಯೂನಿಕೋಡ್ ಪರಿವರ್ತನೆ ಮತ್ತು ತಿದ್ದುಪಡಿ, ಅನಂತರ ಯಂತ್ರದ ಭಾಗಗಳ ಬದಲಾವಣೆ, ಕೊನೆಗೆ ಹೊಸ ವ್ಯವಸ್ಥೆ. ಡಿಸ್ಕ್ ಬದಲಿಸುವ ಮುನ್ನ ಮತ್ತು ಅನಂತರ ಯಂತ್ರ ಆರಂಭವಾಗುವ ಕಾಲವನ್ನು ವಿದ್ಯಾರ್ಥಿಗಳು ನಿಲುಗಡಿಯಾರದಲ್ಲಿ ಅಳೆದು ದಾಖಲಿಸಲಿ. ಯಂತ್ರ ಹೋದರೆ ಇನ್ನೊಂದು ಬರುತ್ತದೆ. ಇಪ್ಪತ್ತು ವರ್ಷದ ಪಾಠಗಳನ್ನು ಮತ್ತೆ ಬೆರಳಚ್ಚು ಮಾಡಿಕೊಡುವವರು ಯಾರು?